ಸೋಮುವಿನ ಎಡದ ನೆಗೆತ

ಮೈಮೇಲೆ ಬರುವುದು, ಸತ್ತವರು ಬಂದುಹೋಗುವುದು ಎಂದು ಯಾರಾದರೂ ಶುರುಮಾಡಿದರೆ ಕಾಫಿಯ ನೆಪ ಹೇಳಿ ಎದ್ದುಹೋಗುತ್ತಿದ್ದವಳು ನಾನು. ವಿಶ್ವವಿದ್ಯಾಲಯದಲ್ಲಿ ನಾಟಕ, ನೃತ್ಯ ಪಾಠ ಮಾಡುವವಳಿಗೆ ಅದೆಲ್ಲ ಅಭಿನಯವೇ ಎಂಬ ಜಂಬ ಬೇರೆ. ನೀವೂ ನಂಬಬೇಕೆಂದಿಲ್ಲ. ಆದದ್ದನ್ನು ಹೇಳುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಕಂಸಾಳೆ ಕುಣಿತದ ಅಧ್ಯಯನಕ್ಕೆಂದು ಹನೂರಿನಾಚೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಜೊತೆಗಿದ್ದವಳು ನನ್ನ ಸಂಶೋಧನಾ ವಿದ್ಯಾರ್ಥಿನಿ ರೇಣುಕಾ, ಯಳಂದೂರಿನವಳು. ಬೈಕಿನಿಂದ ಬಿದ್ದ ಮೇಲೆ ಅವಳ ಬಲಮಂಡಿ ಸರಿಯಾಗಿ ಮಡಚುತ್ತಿರಲಿಲ್ಲ. ಪಾಪ, ಭರತನಾಟ್ಯ ಬಿಟ್ಟು ಪುಸ್ತಕ ಹಿಡಿದಿದ್ದಳು. ಕಂಸಾಳೆಯನ್ನಂತೂ ಅವಳು ಕಲಿತವಳೇ ಅಲ್ಲ.

ನಮಗೆ ಕುಣಿತ ತೋರಿಸಲು ಒಪ್ಪಿದ್ದವರು ಮಾದಯ್ಯ ಎಂಬ ಹಿರಿಯ ಗುರುಗಳು. ಅವರ ಒಬ್ಬನೇ ಮಗ ಸೋಮು ಒಳ್ಳೆಯ ಕುಣಿತಗಾರನಂತೆ, ಜ್ವರ ಬಂದು ತೀರಿಕೊಂಡಿದ್ದ. ಆಡುವವನು ಸತ್ತರೆ ಅವನ ಕಂಸಾಳೆಯ ಬಟ್ಟಲನ್ನೂ ತಾಳವನ್ನೂ ಸೇರಿಸಿ ದಾರ ಸುತ್ತಿ ತೊಲೆಗೆ ಕಟ್ಟುವುದು, ಮತ್ತೆ ನುಡಿಸದಿರುವುದು ಆ ಮನೆಯ ಪದ್ಧತಿ. ಸೋಮುವಿನದೂ ಹಾಗೆಯೇ ತೂಗುತ್ತಿತ್ತು. ಕಂಚು ಎಷ್ಟು ಚೆನ್ನಾಗಿದೆ ಎಂದು ನಾವು ಹೊಗಳಿದ್ದೇ ತಡ, ಪುಣ್ಯಾತ್ಮ ದಾಕ್ಷಿಣ್ಯಕ್ಕೆ ಬಿದ್ದು ಇಳಿಸಿ ಗಂಟು ಬಿಚ್ಚಿಬಿಟ್ಟರು. "ನೋಡ್ರವ್ವಾ, ನೋಡಕ್ಕೇನು ದೋಸ" ಎಂದು ರೇಣುಕಾಳ ಕೈಗೆ ಕೊಟ್ಟರು.

ಹೊರಗೆ ಮಧ್ಯಾಹ್ನದ ಬಿಸಿಲು. ಅವಳು ಅದನ್ನು ಹಿಡಿದೇ ಅಂಗಳಕ್ಕಿಳಿದಳು. ಬಟ್ಟಲಿಗೆ ತಾಳ ಹೊಡೆಯುತ್ತ ಕುಣಿಯತೊಡಗಿದಳು. ಅದೇ ಮಂಡಿಯನ್ನು ಪೂರಾ ಮಡಚಿ ಕೂತಳು, ಬೆನ್ನ ಹಿಂದೆ ನುಡಿಸಿದಳು, ಸುತ್ತು ತಿರುಗಿ ಎಡಕ್ಕೆ ನೆಗೆದು ನಿಂತಳು. ನನ್ನ ಫೋನು ಕೈಯಲ್ಲೇ ಇತ್ತು, ರೆಕಾರ್ಡ್ ಮಾಡಬೇಕೆಂದು ಹೊಳೆಯಲೂ ಇಲ್ಲ. ಮರುಗಳಿಗೆ "ಅಯ್ಯೋ ಮೇಡಂ, ಮಂಡಿ!" ಎಂದು ಕುಸಿದಳು. ಕುಣಿದದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಮಾದಯ್ಯ ಗೋಡೆ ಹಿಡಿದು ನಿಂತಿದ್ದರು. "ಆ ಎಡದ ನೆಗ್ತ ನನ್ ಮಗಂದು ಕಣವ್ವಾ. ಅವ್ನೇ ಕಟ್ಟಿದ್ದು, ಯಾರ್ಗೂ ಏಳ್ಕೊಟ್ಟಿರ್ನಿಲ್ಲ" ಎಂದರು. ಆಮೇಲೆ ರೇಣುಕಾಳಿಗೆ ಕೈಮುಗಿದು, "ಇನ್ನೊಂದ್ ಕಿತ ಆಡು ಕೂಸೇ, ಒಂದೇ ಕಿತ" ಎಂದು ಗೋಗರೆದರು. ಅವಳು ಅಳುತ್ತಲೇ ಪ್ರಯತ್ನಿಸಿದಳು. ತಾಳ ಬಟ್ಟಲಿಗೆ ಸರಿಯಾಗಿ ತಾಗಲೂ ಇಲ್ಲ. ನೋಡಲಾರದೆ ಅವಳನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ದೆ.

ರೇಣುಕಾ ಎಲ್ಲೋ ವಿಡಿಯೋ ನೋಡಿರಬೇಕು ಎಂದುಕೊಂಡೆ. ಸೋಮುವಿನ ಒಂದು ವಿಡಿಯೋ ಕೂಡ ಇಲ್ಲವಂತೆ. ಇದ್ದರೂ ಆ ಮಂಡಿ ಮಡಚಿದ್ದು ಹೇಗೆ? ನನ್ನ ಓದೆಲ್ಲ ಇಲ್ಲಿ ಕೈಕೊಟ್ಟಿದೆ.

ಮಾದಯ್ಯನವರು ಈಗಲೂ ಫೋನ್ ಮಾಡುತ್ತಾರೆ. ಮೊನ್ನೆಯೂ ಮಾಡಿದ್ದರು. "ಆ ಕೂಸ್ನ ಒಂದ್ಸಲ ಕರ್ಕಂಡ್ ಬನ್ನಿ ತಾಯಿ. ಸೋಮುನವ್ವ ಆವತ್ತು ಕೂಲಿಗೋಗಿದ್ಲು. ಅವ್ಳು ನೋಡ್ನಿಲ್ಲ."