ಸೈಕ್ಲೋಟ್ರಾನಿಗೆ ಆಯುಧಪೂಜೆ

ಸೈಕ್ಲೋಟ್ರಾನ್ ಯಂತ್ರದ ಬಾಗಿಲಿಗೆ ಚೆಂಡುಹೂವಿನ ಹಾರ ಹಾಕಿದ್ದು ನಿಜ. ಇಷ್ಟು ವರ್ಷ ಹೇಳಿ ಹೇಳಿ ಆ ಹಾರವನ್ನು ನಾನೇ ಉದ್ದ ಮಾಡಿರಬಹುದು.

ಎರಡು ಸಾವಿರದ ದಶಕ. ಜಯನಗರದ ನಮ್ಮ ಸ್ಕ್ಯಾನಿಂಗ್ ಕೇಂದ್ರದ ನೆಲಮಾಳಿಗೆಯಲ್ಲಿ ಮೆಥಿಯೊನಿನ್ ತಯಾರಿಸುತ್ತಿದ್ದೆವು. ಬೇಳೆಯಲ್ಲೂ ಹಾಲಿನಲ್ಲೂ ಇರುವ ಅಮೈನೊ ಆಮ್ಲವೇ. ನಮ್ಮದರಲ್ಲಿ ಸೈಕ್ಲೋಟ್ರಾನಿನಲ್ಲಿ ಹುಟ್ಟಿಸಿದ ಒಂದು ಇಂಗಾಲದ ಪರಮಾಣು ವಿಕಿರಣ ಸೂಸುತ್ತಿತ್ತು. ಮಿದುಳಿನ ಗೆಡ್ಡೆ ಅದನ್ನು ಗಬಗಬ ತಿನ್ನುತ್ತದೆ, ಸ್ಕ್ಯಾನಿನಲ್ಲಿ ಬೆಳಗುತ್ತದೆ. ಹಳೆಯ ಚಿಕಿತ್ಸೆಯ ಗಾಯದ ಕಲೆ ಅಷ್ಟು ತಿನ್ನುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧ ಕರಗುವ ಸರಕು, ಮಾಡಿದ ಕೂಡಲೇ ಚುಚ್ಚಬೇಕು.

ಮೊದಲ ರೋಗಿಗೆ ಪೂಜೆಯ ದಿನವೇ ಸ್ಕ್ಯಾನ್ ಆಗಬೇಕೆಂಬುದು ಕೇಂದ್ರ ನಡೆಸುವ ಟ್ರಸ್ಟಿನ ಅಧ್ಯಕ್ಷರ ಹಟ. ಪತ್ರಿಕೆಯವರು ಬರುತ್ತಾರಲ್ಲ. ರೋಗಿ ಬಿಜಾಪುರದ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದರು. ಗೆಡ್ಡೆ ತೆಗೆಸಿ, ರೇಡಿಯೇಷನ್ ಮುಗಿಸಿ, ಮತ್ತೆ ತಲೆನೋವು. ಗೆಡ್ಡೆ ಮರಳಿದೆಯೋ, ಬರೀ ಕಲೆಯೋ ತಿಳಿಯಬೇಕಿತ್ತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದೆವು. ಊಟದ ಅಮೈನೊ ಆಮ್ಲಗಳು ಮಿದುಳಿಗೆ ಮೊದಲೇ ನುಗ್ಗಿದರೆ ನಮ್ಮದಕ್ಕೆ ದಾರಿ ಸಿಗುವುದಿಲ್ಲ.

ಔಷಧದ ಸೀಸದ ಡಬ್ಬಿ ಹಿಡಿದು ನಾನು ಹೊರಬಂದಾಗ ಮಂಗಳಾರತಿ ಮುಗಿದಿತ್ತು. ಅಧ್ಯಕ್ಷರು ಕ್ಯಾಮೆರಾದತ್ತ ನಗುತ್ತ ರೋಗಿಯ ಕೈಗೆ ಹೆಸರುಬೇಳೆ ಕೋಸಂಬರಿಯ ದೊನ್ನೆ ಇಡುತ್ತಿದ್ದರು.

"ಸಾರ್, ಅವರು ಏನೂ ತಿನ್ನೋ ಹಾಗಿಲ್ಲ."

"ಪ್ರಸಾದ ಕಣ್ರೀ ಅದು. ಬೇಕಾದ್ರೆ ನಿಮ್ದು ಇನ್ನೊಂಚೂರು ಜಾಸ್ತಿ ಚುಚ್ಚಿ."

ರೋಗಿ ಬಾಯೊರೆಸಿಕೊಂಡರು. "ದೊಡ್ಡೋರು ಕೈಯಾರೆ ಕೊಟ್ಟಾಗ ಒಲ್ಲೆ ಅನ್ನಾಕ ಆಗ್ತದೇನ್ರಿ?"

"ಇದು ಎರಡನೇ ದೊನ್ನಿರಿ," ಎಂದರು ಅವರ ಹೆಂಡತಿ. "ಮೊದಲಿನ ಫೋಟೋ ಅಳ್ಳಾಡಿತ್ತಂತ."

ಅಧ್ಯಕ್ಷರು ಗಡಿಯಾರ ನೋಡಿದರು. "ಸರಿ, ಚುಚ್ಚಿ ಚುಚ್ಚಿ. ಪ್ರೆಸ್‌ನೋರು ಕಾಯ್ತಿದಾರೆ."

ಆಗ ನಾನು ಖಡಾಖಂಡಿತವಾಗಿ ಆಗದೆಂದೆ ಎಂದು ಬರೆಯಲು ಆಸೆಯಿದೆ. ನೆನಪಿರುವುದು ಆಕೆಯ ಪ್ರಶ್ನೆ ಮಾತ್ರ.

"ಈಗ ತೆಗೆದ್ರ ಖರೇ ಏನದ ಗೊತ್ತಾಗ್ತದೇನ್ರಿ?"

"ಗ್ಯಾರಂಟಿ ಇಲ್ಲಮ್ಮ. ಗೆಡ್ಡೆ ಇದ್ರೂ ಮಂಕಾಗಿ ಕಾಣಬಹುದು."

"ಹಂಗಾರ ಇವತ್ತ ಬ್ಯಾಡ."

ಗಂಡನ ತೋಳು ಹಿಡಿದು ಎಬ್ಬಿಸಿಕೊಂಡು ಹೋದರು. ನಮ್ಮ ತಿಂಗಳುಗಟ್ಟಲೆಯ ವಿದ್ಯೆ ಡಬ್ಬಿಯಲ್ಲೇ ಕರಗಿತು. ರಜೆ ಮುಗಿದು ಬಂದ ಪತ್ರಿಕೆಯಲ್ಲಿ ಮಾತ್ರ ಸ್ಕ್ಯಾನ್ ಯಶಸ್ವಿಯಾಗಿತ್ತು.

ಹಬ್ಬ ಕಳೆದು ಇಬ್ಬರೂ ಬಂದರು. ಅಂದು ಅಧ್ಯಕ್ಷರೂ ಇಲ್ಲ, ಕ್ಯಾಮೆರಾವೂ ಇಲ್ಲ. ಕೆಲಸ ಸರಾಗವಾಗಿ ನಡೆಯಿತು. ಪರದೆಯ ಮೇಲೆ, ಹಿಂದೆ ಗೆಡ್ಡೆ ತೆಗೆದಿದ್ದ ಜಾಗದ ಪಕ್ಕ, ಕಡಲೆಬೀಜದಷ್ಟು ಜಾಗ ಬೆಳಗಿತು. ಗೆಡ್ಡೆಯೇ. ಇನ್ನೂ ಚಿಕ್ಕದಿದೆ, ತೆಗೆಯಬಹುದು ಎಂದರು ವೈದ್ಯರು.

ಆಕೆ ಅಳಲಿಲ್ಲ ಎಂದೇ ನನ್ನ ನೆನಪು. "ಯಾವತ್ತ ಅಡ್ಮಿಟ್ ಆಗಬೇಕ್ರಿ?" ಎಂದಷ್ಟೇ ಕೇಳಿದರು.