ಗಿಡ್ಡ ಶೂ, ಬೆಂದ ಕಾಲು

ನನ್ನ ಮೊಮ್ಮಗಳ ಎಡಗಾಲಿನ ಹರಡಿನ ಸುತ್ತ ಸುಟ್ಟ ಕಲೆ ಇದೆ. ಚಿಕ್ಕವಳಿದ್ದಾಗ ಸಿರುಗುಪ್ಪದ ನಮ್ಮ ಹಿತ್ತಲಲ್ಲಿ ಭತ್ತ ಕುದಿಸುವ ಹಂಡೆಯ ಹತ್ತಿರ ಆಡಬೇಡ ಎಂದಿದ್ದೆ. ಆಡಿದಳು. ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಉಳಿಯಿತು.

ಈಗ ಬಳ್ಳಾರಿಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಕುರುಗೋಡಿನಿಂದ ಸಂಬಂಧ ಬಂದಿತ್ತು. ನಮ್ಮಲ್ಲಿ ಗಂಡಿನ ತಾಯಿ ಮನೆಗೆ ಬರುವ ಮೊದಲು, ಯಾರಿಗೂ ಹೇಳದೆ, ಒಮ್ಮೆ ಹುಡುಗಿಯನ್ನು ನೋಡಿಹೋಗುತ್ತಾಳೆ. ನಾನೂ ಸೊಸೆಯನ್ನು ಹಾಗೆಯೇ ಆರಿಸಿದ್ದು, ಸಂತೆಯಲ್ಲಿ ಪಕ್ಕದಲ್ಲೇ ನಿಂತು ಉಳ್ಳಾಗಡ್ಡಿ ಕೊಳ್ಳುತ್ತಾ. ಅದಕ್ಕೂ ಮೊದಲು ನೋಡಿದವಳ ಹಲ್ಲು ಸರಿಯಿರಲಿಲ್ಲ, ಬಿಟ್ಟೆ. ಕುರುಗೋಡಿನಾಕೆ ಸೀರೆ ಅಂಗಡಿಗೆ ಬರುವುದರೊಳಗೆ ಈ ಕಾಲು ಮುಚ್ಚಬೇಕೆಂದು ಮೊಮ್ಮಗಳನ್ನು ಶೂ ಅಂಗಡಿಗೆ ಎಳೆದುಕೊಂಡು ಹೋದೆ.

ಅವಳು ಎತ್ತಿಕೊಂಡಿದ್ದು ಕೆಂಪು ಪಟ್ಟಿಯ ಬಿಳಿ ಗಿಡ್ಡ ಶೂ.

“ಹಳೇ ಕಾಲದ ಬಾಸ್ಕೆಟ್‌ಬಾಲ್ ಮಾದರಿ ರೀ ಅಮ್ಮ,” ಎಂದ ಅಂಗಡಿಯವನು. “ಈಗ ಮತ್ತ ಇದ ಫ್ಯಾಷನ್. ಚೂಡಿದಾರಿಗೂ ನಡೀತೈತಿ, ಪ್ಯಾಂಟಿಗೂ ನಡೀತೈತಿ. ದಿನಾ ಹಾಕ್ಕಬೋದು.”

“ಇದರಾಗ ಹರಡು ಮುಚ್ಚೋ ಎತ್ತರದ್ದು ಇಲ್ಲೇನು?”

ಇತ್ತು. ತಂದ.

“ಬ್ಯಾಡವ್ವ, ಈ ಬಿಸಿಲಾಗ ಕಾಲು ಬೇಯ್ತಾವು,” ಎಂದಳು.

“ಬೆಂದದ್ದ ಐತಲ್ಲಲೇ, ಇನ್ನೇನು ಬೇಯೋದು?”

ಅಂಗಡಿಯವನು ನಕ್ಕ. ಅವಳು ನಗಲಿಲ್ಲ. ಗಿಡ್ಡದ್ದನ್ನೇ ಹಾಕಿಕೊಂಡು ಬೆರಳ ತುದಿ ಒತ್ತಿ ನೋಡಿದಳು, ಹಿಮ್ಮಡಿ ಕಚ್ಚುತ್ತದೆಯೇ ಎಂದು ಕನ್ನಡಿಯ ಮುಂದೆ ನಡೆದಳು. ಕಲೆ ಪೂರ್ತಿ ಕಾಣುತ್ತಿತ್ತು.

“ಇದನ್ನ ನೋಡಿ ಯಾವ ಅತ್ತಿ ಒಪ್ತಾಳ?”

“ಅಂಗಡ್ಯಾಗ ಗಾದಿ ಮ್ಯಾಲ ಬರಿಗಾಲಾಗ ನಿಂತು ಸೀರಿ ತೋರಸ್ತೀನವ್ವ. ಯಾವ ಶೂ ಆದ್ರೂ ಬಾಗಿಲಾಗ ಬಿಡಬೇಕು.”

ನನಗದು ಹೊಳೆದೇ ಇರಲಿಲ್ಲ.

“ಆ ಕುರುಗೋಡಿನಾಕಿ ಹೋದ ವಾರನ ಬಂದು ಹೋದಳು,” ಲೇಸು ಬಿಗಿಯುತ್ತಾ ಹೇಳಿದಳು. “ರಾಶಿ ಸೀರಿ ಬಿಚ್ಚಿಸಿ ಕಾಲು ನೋಡಿದಳು. ‘ಹುಟ್ಟಾ ಬಂದದ್ದೋ, ಸುಟ್ಟದ್ದೋ’ ಅಂತ ಕೇಳಿದಳು. ಸೀರಿ ತಗೊಳ್ಳೋರು ಅದನ್ನ ಯಾಕ ಕೇಳ್ತಾರ?”

“ಏನಂದಿ?”

“ನಮ್ಮಜ್ಜಿ ಭತ್ತದ ಜೋಡಿ ಕುದಿಸ್ಯಾಳ ಅಂದೆ. ಎದ್ದು ಹೋದಳು.”

“ಹಂಗಾದರ ಗಿಡ್ಡದ್ದ ಹಾಕ್ಕ,” ಎಂದೆ. “ಇನ್ನ ಯಾರಿಗೆ ಮುಚ್ಚೋದೈತಿ.”

ಹೊಸ ಶೂ ಹಾಕಿಕೊಂಡೇ ಬಸ್‌ಸ್ಟ್ಯಾಂಡಿನವರೆಗೂ ನನಗಿಂತ ಮುಂದೆ ನಡೆದಳು. ಒಮ್ಮೆಯೂ ತಿರುಗಲಿಲ್ಲ. ಆ ಕಲೆ ನನ್ನ ಕಣ್ಣ ಮುಂದೆಯೇ ಹೆಜ್ಜೆ ಹಾಕುತ್ತಿತ್ತು. ಕುರುಗೋಡಿನಾಕೆಯ ಜಾಗದಲ್ಲಿ ನಾನಿದ್ದರೂ ಎದ್ದು ಹೋಗುತ್ತಿದ್ದೆ.