ಮರದ ಗೋಡೆಗೆ ಹೊಡೆದ ನೀರು

ಸಿಟ್ಟು ಬಂದಾಗ ನನ್ನ ಕೈ ಸುಮ್ಮನಿರುವುದಿಲ್ಲ. ಅವತ್ತು ಬಸವಕಲ್ಯಾಣದ ಆ ಓಣಿಯಲ್ಲಿ ಅಕ್ಕನ ಕೈಯಿಂದ ಕೊಡ ಕಸಿದು ನೆಲಕ್ಕೆ ಕುಕ್ಕಿದವನು ನಾನೇ.

ನಾನು ಬಡಿಗ. ಹುಮನಾಬಾದಿನ ಒಂದು ಕಾರ್ಖಾನೆಯಲ್ಲಿ ಮರದ ಗೋಡೆ ಮಾಡುತ್ತೇನೆ. ಕಿಟಕಿ, ಬಾಗಿಲು ಸಮೇತ ಇಡೀ ಗೋಡೆ ಅಲ್ಲೇ ತಯಾರಾಗುತ್ತದೆ. ಲಾರಿಯಲ್ಲಿ ಒಯ್ದು ಪಾಯದ ಮೇಲೆ ನಿಲ್ಲಿಸಿ ಬೋಲ್ಟು ಬಿಗಿದರೆ ಮೂರೇ ದಿನಕ್ಕೆ ಮನೆ. ನೆಟ್ಟು ಬೆಳೆಸಿದ ಮರ, ಇಟ್ಟಿಗೆ ಸುಡುವ ಹೊಗೆಯಿಲ್ಲ, ಬಡವರ ಕೈಗೆಟುಕುವ ಬೆಲೆ. ಇದನ್ನೆಲ್ಲ ನಂಬಿದ್ದೆ, ಈಗಲೂ ನಂಬುತ್ತೇನೆ. ಬಸವಕಲ್ಯಾಣದಲ್ಲಿ ಮಾದರಿಗೆಂದು ಕಟ್ಟಿದ ಮೊದಲ ಮನೆ ನನ್ನ ಅಕ್ಕನಿಗೇ ಬಂತು. ಗಂಡ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತಗಡಿನ ಬಾಡಿಗೆ ಕೋಣೆಯಲ್ಲಿ ಬೇಯುತ್ತಿದ್ದವಳು ಅವಳು.

ಬೀಗದ ಕೈ ಕೊಡುವ ದಿನ ಶಾಮಿಯಾನ ಹಾಕಿದರು. ಕಂಪನಿಯ ಸಾಹೇಬರು ಪರಿಸರದ ಬಗ್ಗೆ ಒಂದು ತಾಸು ಮಾತಾಡಿದರು. ಅಕ್ಕನನ್ನು ನಡುವೆ ನಿಲ್ಲಿಸಿ ಫೋಟೊ ತೆಗೆದರು. ನೀರು ತಡೆಯುವ ಬಣ್ಣ ಇನ್ನೂ ಬಂದಿರಲಿಲ್ಲ, ಬಣ್ಣ ಬಳಿದ ಮೇಲೆ ಇರಲು ಬಾ ಎಂದರು. ಅಲ್ಲಿಯವರೆಗೆ ಏನು ಮಾಡಬಾರದು ಎಂದು ಒಬ್ಬರೂ ಹೇಳಲಿಲ್ಲ. ಇಡೀ ಭೂಮಿ ಉಳಿಸುವ ಮಾತಾಡಿದವರಿಗೆ ಈ ಒಂದು ಮಾತಿಗೆ ಬಾಯಿ ಇರಲಿಲ್ಲವೇ? ನಾನೂ ಹೇಳಲಿಲ್ಲ. ಮುಂದಿನ ಮನೆಯ ಅವಸರದಲ್ಲಿ ಹುಮನಾಬಾದಿಗೆ ಓಡಿಬಂದೆ.

ಹನ್ನೆರಡು ದಿನ ಬಿಟ್ಟು ಹೋದರೆ, ಅಕ್ಕ ಗೋಡೆಗೆ ನೀರು ಹೊಡೆಯುತ್ತಿದ್ದಳು. ಹಲಗೆಗಳು ಉಬ್ಬಿದ್ದವು. ಸಂದುಗಳು ಬಾಯಿ ಬಿಟ್ಟಿದ್ದವು. ಬಾಗಿಲು ಮುಚ್ಚುತ್ತಲೇ ಇರಲಿಲ್ಲ.

“ತಲಿ ಕೆಟ್ಟದೇನ ನಿನಗ? ಕಟಗಿಗಿ ಯಾರರ ನೀರ್ ಹೊಡಿತಾರೇನು?” ಓಣಿಯೆಲ್ಲ ಕೇಳುವಂತೆ ಚೀರಿದೆ.

“ಪಾಯಾ ಹಾಕಿದ ಗೌಂಡಿ ಹೇಳ್ಯಾನಲ್ಲೋ ತಮ್ಮಾ. ಇಪ್ಪತ್ತೊಂದ್ ದಿನ ಮುಂಜಾನಿ ಸಂಜಿ ನೀರ್ ಹೊಡಿರಿ, ಇಲ್ಲಂದ್ರ ಪಕ್ಕಾ ಆಗಲ್ಲ ಅಂದ. ಹೊಸ ಮನಿಗಿ ಎಲ್ಲರೂ ಹೊಡಿತಾರಲ್ಲ?”

ಹೌದು, ನಮ್ಮ ಕಡೆ ಎಲ್ಲರೂ ಹೊಡೆಯುತ್ತಾರೆ, ಸಿಮೆಂಟಿನ ಮನೆಗೆ. ಗೌಂಡಿ ಹೇಳಿದ್ದು ಪಾಯಕ್ಕೆ. ಅಕ್ಕ ಗೋಡೆಗೂ ಎಂದುಕೊಂಡಳು. ಆ ಬೇಸಿಗೆಯಲ್ಲಿ ನಲ್ಲಿಗೆ ನಾಲ್ಕು ದಿನಕ್ಕೊಮ್ಮೆ ನೀರು. ತಾನು ಸ್ನಾನ ಬಿಟ್ಟು, ಟ್ಯಾಂಕರ್ ಮುಂದೆ ಜಗಳಾಡಿ ತಂದ ನೀರನ್ನು ಗೋಡೆಗೆ ಕುಡಿಸಿದ್ದಳು. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಸುದ್ದಿ ಮುಟ್ಟಿ ಮರುದಿನ ಸಾಹೇಬರು ಬಂದರು. ಗೋಡೆ ಮುಟ್ಟಿಯೂ ನೋಡಲಿಲ್ಲ. ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು ವರದಿ ಬರೆದರು: ಫಲಾನುಭವಿ ಮಹಿಳೆಯ ಅಜ್ಞಾನದಿಂದ ಮನೆ ಹಾಳಾಗಿದೆ, ಬೇರೆ ಮನೆ ಕೊಡಲು ಬರುವುದಿಲ್ಲ. ಬಣ್ಣ ತಡವಾದ ಮಾತು ಅದರಲ್ಲಿ ಇರಲೇ ಇಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ, ಹಾಗೆ.

“ಗೋಡೆ ನಿಲ್ಲಿಸಿದವನು ನೀನೇ ಅಲ್ಲವಾ? ಸಾಕ್ಷಿ ಸಹಿ ಹಾಕು. ಇಲ್ಲದಿದ್ದರೆ ನಿನ್ನ ಹೆಸರೂ ಬರೆಯಬೇಕಾಗುತ್ತದೆ” ಎಂದು ಪೆನ್ನು ಚಾಚಿದರು.

ಆ ಕಾಗದವನ್ನು ಅವರ ಮುಖಕ್ಕೆ ಎಸೆಯಬೇಕಿತ್ತು. ಅಕ್ಕನ ಮೇಲೆ ಅಷ್ಟು ಚೀರಿದವನು ಅವರ ಮುಂದೆ ತಲೆ ತಗ್ಗಿಸಿ ಪೆನ್ನು ತೆಗೆದುಕೊಂಡೆ. ಥೂ ನನ್ನ ಜನ್ಮಕ್ಕೆ! ಸಹಿ ಹಾಕಿದೆ.

ಕಾರು ಹೋದ ಮೇಲೆ ಅಕ್ಕ ಹತ್ತಿರ ಬಂದಳು. ಅವಳಿಗೆ ಓದಲು ಬರುವುದಿಲ್ಲ.

“ಏನ್ ಬರದಾರೋ?”

“ನೀರ್ ಬಿದ್ದು ಮನಿ ಕೆಟ್ಟದ ಅಂತ.”

“ಯಾರದರ ಹೆಸರು ಬರದಾರೇನು?”

“ಇಲ್ಲ” ಎಂದೆ.

ಅವಳ ಮುಖ ಹಗುರಾಯಿತು. “ಛಲೋ ಆತು. ಆ ಗೌಂಡಿ ಬಡವ ಹಾನ. ನಮ್ಮಿಂದ ಅವನ ಹೊಟ್ಟಿ ಮ್ಯಾಲ ಹೊಡದಂಗ ಆಗ್ತಿತ್ತು.”